ನಮ್ಮ ಅಡುಗೆಮನೆಯ ಪದಸಂಪತ್ತು: ಒಂದು ಅವಲೋಕನ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಾವಸರದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯುವುದೇ ಉಚಿತವೆಂದು ನನಗೆ ಮೊದಲು ತೋರಿತು. ಆದರೆ ಆ ಕಾರ್ಯವನ್ನು ನನಗಿಂತ ಸಮರ್ಥರಾದ ಇಬ್ಬರು ಸಹೋದ್ಯೋಗಿಗಳು ಈಗಾಗಲೇ ವಹಿಸಿಕೊಂಡಿದ್ದಾರೆ. ಆದುದರಿಂದ ನಾನು ಒಂದು ಪಾಠವನ್ನೇ ಬರೆಯಲು ನಿಶ್ಚಯಿಸಿದೆ. ಜೀವಮಾನವಿಡೀ ಪಾಠ ಹೇಳಿದವನಿಗೆ ಬೇರೆ ವಿದ್ಯೆ ಬರುವುದಾದರೂ ಹೇಗೆ? ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕರ ತರಬೇತಿ ಪಡೆದು ಈ ವೃತ್ತಿಗೆ ಬಂದವನು. ಭಾಷಾಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವನಲ್ಲ. ನಿವೃತ್ತಿಯ ನಂತರದ ಬಿಡುವಿನಲ್ಲಿ ನಿಘಂಟುಗಳನ್ನು ತಿರುವಿಹಾಕುತ್ತ ಟಿಪ್ಪಣಿ ಮಾಡಿಕೊಂಡ ಕೆಲವು ಸಂಗತಿಗಳನ್ನು ಮಾತ್ರ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ವಿಷಯ: ಅಡುಗೆಮನೆಯ ಪದಗಳು.

ಪಾಠಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. 1984ರಲ್ಲಿ ಓಣಂ ರಜೆಗೆ ಮುಂಚಿನ ಪರೀಕ್ಷೆ. ಏಳನೆಯ ತರಗತಿಯ ಸಮಾಜ ಪಾಠದಲ್ಲಿ, ಪೋರ್ಚುಗೀಸರು ಮಲಬಾರಿಗೆ ಬಂದ ಮುಖ್ಯ ಉದ್ದೇಶವೇನೆಂದು ಪ್ರಶ್ನೆ ಕೇಳಿದ್ದೆ. ಓರ್ವ ವಿದ್ಯಾರ್ಥಿನಿಯು ‘ಒಳ್ಳೆಮೆಣಸು ಕೊಂಡುಹೋಗಲು’ ಎಂದು ಉತ್ತರ ಬರೆದಿದ್ದಳು. ಪಠ್ಯದಲ್ಲಿ ಇದ್ದುದು ‘ಕರಿಮೆಣಸು’. ನಾನು ಆ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅರ್ಧ ಅಂಕ ಕಳೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಇಂದು ಬರೆಯಬೇಕಾಗಿರಲಿಲ್ಲ. ಉತ್ತರ ಪತ್ರಿಕೆಗಳನ್ನು ಹಂಚುವಾಗ, ‘ಇದು ಒಳ್ಳೆಯ ಮೆಣಸಾದರೆ ಕೆಟ್ಟ ಮೆಣಸು ಯಾವುದಮ್ಮಾ?’ ಎಂದು ಎಲ್ಲರ ಮುಂದೆ ಕೇಳಿದೆ. ತರಗತಿ ನಕ್ಕಿತು. ಆ ಮಗು ತಲೆ ತಗ್ಗಿಸಿ ನಿಂತಿತು.

ವಿಚಿತ್ರವೆಂದರೆ ನನ್ನ ಮನೆಯಲ್ಲಿಯೂ ಅದೇ ಪದ. ಶೀತಜ್ವರ ಬಂದಾಗ ನನ್ನ ತಾಯಿಯವರು ಕಾಸಿಕೊಡುತ್ತಿದ್ದುದು ಒಳ್ಳೆಮೆಣಸಿನ ಕಷಾಯ. ‘ಕರಿಮೆಣಸು’ ಎಂಬ ಮಾತು ಅವರ ಬಾಯಿಂದ ಬಂದುದನ್ನು ನಾನು ಕೇಳಿಲ್ಲ. ಆದರೆ ಶಾಲೆಯ ಹೊಸ್ತಿಲನ್ನು ದಾಟುವಾಗ ಚಪ್ಪಲಿಯೊಡನೆ ಮನೆಯ ಮಾತನ್ನೂ ಹೊರಗೆ ಬಿಟ್ಟು ಬರಬೇಕೆಂದು ನಂಬಿದ್ದ ಕಾಲವದು. ಸಪ್ತಭಾಷೆಗಳ ಸಂಗಮಭೂಮಿಯಾದ ಈ ಕಾಸರಗೋಡಿನಲ್ಲಿ, 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಬಳಿಕ, ‘ಶುದ್ಧ ಕನ್ನಡ’ವನ್ನು ಉಳಿಸಬೇಕೆಂಬ ಕಳಕಳಿ ಅಧ್ಯಾಪಕರಾದ ನಮ್ಮಲ್ಲಿ ಎಷ್ಟು ಬಲವಾಗಿತ್ತೆಂಬುದು ಹಿರಿಯರಿಗೆ ನೆನಪಿದ್ದೀತು. ಆ ಕಳಕಳಿಯು ತಪ್ಪಾಗಿರಲಿಲ್ಲ. ಅದನ್ನು ಪ್ರಯೋಗಿಸಿದ ಸ್ಥಳ ತಪ್ಪಾಗಿತ್ತು.

ನಾನು ಹಾಸ್ಯಕ್ಕೆಂದು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವೊಂದಿದೆಯೆಂಬುದು ತಿಳಿಯಲು ನನಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ನಮ್ಮ ನೆರೆಯ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಮೂರು ಮಹಾ ನಿಘಂಟುಗಳನ್ನು ಅಚ್ಚು ಹಾಕಿಸಿದರು: 1872ರಲ್ಲಿ ಗುಂಡರ್ಟ್ ಅವರ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು. ನಿವೃತ್ತನಾದ ಮೇಲೆ ಈ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಅವಕಾಶ ಒದಗಿತು. ಮೂರು ಭಾಷೆಗಳ ಅಡುಗೆಮನೆಗಳನ್ನು ಹೀಗೆ ಜೊತೆಯಾಗಿಟ್ಟು ನೋಡತೊಡಗಿದಾಗ, ದಿನವೂ ಕಿವಿಯ ಮೇಲೆ ಬೀಳುತ್ತಿದ್ದ ಒಂದು ಸಂಗತಿ ಮೊದಲ ಬಾರಿಗೆ ಮನಸ್ಸಿಗೆ ಹೊಳೆಯಿತು. ನಾವು ‘ಒಳ್ಳೆಮೆಣಸು’ ಎನ್ನುತ್ತೇವೆ. ತುಳುವರು ‘ಎಡ್ಡೆ ಮುಂಚಿ’ ಎನ್ನುತ್ತಾರೆ. ಮಲಯಾಳಿಗಳು ‘ನಲ್ಲಮುಳಕ್’ ಎನ್ನುತ್ತಾರೆ. ಎಡ್ಡೆ ಎಂದರೂ ನಲ್ಲ ಎಂದರೂ ಒಳ್ಳೆಯದೆಂದೇ ಅರ್ಥ. ಮೂರು ಭಾಷೆಗಳ ಜನ ಒಂದೇ ವಸ್ತುವಿಗೆ ಒಂದೇ ವಿಶೇಷಣವನ್ನು ಹಚ್ಚಿರಬೇಕಾದರೆ ಅದಕ್ಕೊಂದು ಕಾರಣವಿರಲೇಬೇಕು.

ಆ ಕಾರಣ ಹಡಗಿನಲ್ಲಿ ಬಂದಿತು. ಇಂದು ನಾವು ಒಗ್ಗರಣೆಗೆ ಹಾಕುವ ಒಣಮೆಣಸು, ಚಟ್ನಿಗೆ ಅರೆಯುವ ಹಸಿಮೆಣಸು ಇವೆರಡೂ ಅಮೆರಿಕ ಖಂಡದ ಬೆಳೆ. ಮೆಕ್ಸಿಕೋ ದೇಶದ ಪ್ರಾಚೀನ ನಾಹುವಾತ್ಲ್ ಭಾಷೆಯಲ್ಲಿ ಅದರ ಹೆಸರು ‘ಚಿಲ್ಲಿ’. 1492ರಲ್ಲಿ ಕೊಲಂಬಸನು ಹೊರಟುದು ನಮ್ಮ ಮೆಣಸನ್ನು ಹುಡುಕಿಕೊಂಡು. ತಲುಪಿದುದು ಕೆರಿಬಿಯನ್ ದ್ವೀಪಗಳಿಗೆ. ಅಲ್ಲಿನ ಜನ ‘ಅಹಿ’ ಎಂದು ಕರೆಯುತ್ತಿದ್ದ ಖಾರದ ಕಾಯನ್ನು ಕಂಡು ಅದನ್ನು ತಮ್ಮ ಮೆಣಸೆಂದೇ ಲೆಕ್ಕಕ್ಕೆ ಬರೆದುಕೊಂಡನು. ಸ್ಪಾನಿಷ್ ಭಾಷೆಯಲ್ಲಿ ಕಾಳುಮೆಣಸು ‘ಪಿಮಿಯೆಂತ’, ಹೊಸ ಕಾಯಿ ‘ಪಿಮಿಯೆಂತೊ’. ಕೊನೆಯ ಸ್ವರವೊಂದೇ ವ್ಯತ್ಯಾಸ. ಇಂಗ್ಲಿಷರಿಗೆ ಎರಡೂ ‘ಪೆಪ್ಪರ್’. ಈ ಪೆಪ್ಪರ್ ಎಂಬುದಾದರೂ ಎಲ್ಲಿಯದು? ಸಂಸ್ಕೃತದ ‘ಪಿಪ್ಪಲಿ’ಯು ಗ್ರೀಕರ ಬಾಯಲ್ಲಿ ‘ಪೆಪೆರಿ’ಯಾಗಿ, ರೋಮನರಲ್ಲಿ ‘ಪಿಪೆರ್’ ಆಗಿ ಅಲ್ಲಿಗೆ ಹೋದುದು. ಪಿಪ್ಪಲಿ ಹಿಪ್ಪಲಿಯ ಹೆಸರು. ಅದನ್ನು ಅವರು ಕಾಳುಮೆಣಸಿಗೆ ಕೊಟ್ಟರು, ಮತ್ತೆ ಅದನ್ನೇ ಅಮೆರಿಕದ ಕಾಯಿಗೂ ಕೊಟ್ಟರು. ಒಂದೇ ಅಂಗಿಯನ್ನು ಮೂವರು ಮಕ್ಕಳು ಸರದಿಯಲ್ಲಿ ತೊಟ್ಟಂತೆ!

1498ರಲ್ಲಿ ವಾಸ್ಕೋ ಡ ಗಾಮನು ಕೋಝಿಕ್ಕೋಡಿಗೆ ಬಂದನು. 1500ರಲ್ಲಿ ಭಾರತಕ್ಕೆಂದು ಹೊರಟ ಕಬ್ರಾಲನ ನೌಕೆಗಳು ದಾರಿಯಲ್ಲಿ ಬ್ರೆಜಿಲ್ ತೀರವನ್ನು ಮುಟ್ಟಿ ಬಂದವು. ಅಂದಿನಿಂದ ಬ್ರೆಜಿಲ್ ದೇಶಕ್ಕೂ ಮಲಬಾರಿಗೂ ಪೋರ್ಚುಗೀಸರ ಹಡಗುಗಳು ಸೇತುವೆಯಾದವು. ಹದಿನಾರನೆಯ ಶತಮಾನದಲ್ಲಿ ಮೆಣಸಿನಕಾಯಿ ಈ ಕರಾವಳಿಗೆ ಇಳಿದಾಗ ನಮ್ಮವರು ಅದಕ್ಕೆ ಹೊಸ ಹೆಸರನ್ನು ಹುಡುಕಲಿಲ್ಲ. ಖಾರವಾದುದೆಲ್ಲ ಮೆಣಸು ಎಂದು ಹಳೆಯ ಹೆಸರನ್ನೇ ಕೊಟ್ಟರು. ಕನ್ನಡದ ಮೆಣಸಿನಕಾಯಿ, ತಮಿಳಿನ ಮಿಳಗಾಯ್, ತೆಲುಗಿನ ಮಿರಪಕಾಯ ಎಲ್ಲವೂ ಹೀಗೆ ಹುಟ್ಟಿದವು. ಮಲಯಾಳದಲ್ಲಿ ‘ಕಪ್ಪಲ್‌ಮುಳಕ್’, ಅಂದರೆ ಹಡಗಿನ ಮೆಣಸು ಎಂಬ ಹೆಸರೂ ಇದೆ.

ಮುಂದೆ ನಡೆದುದು ಸ್ವಾರಸ್ಯಕರವಾಗಿದೆ. ಕಾಳುಮೆಣಸಿನ ಬಳ್ಳಿಗೆ ಮಲೆಯ ಮಳೆ ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಮೂರು ವರ್ಷ ಕಾಯುವ ತಾಳ್ಮೆ ಬೇಕು. ಬೆಳೆದುದನ್ನು ವ್ಯಾಪಾರಿಗಳು ಕೊಂಡೊಯ್ಯುತ್ತಿದ್ದರು. ಬಡವನ ಸಾರಿಗೆ ಉಳಿಯುತ್ತಿದ್ದುದು ಎಷ್ಟು? ಹೊಸ ಮೆಣಸೋ ಬಚ್ಚಲ ನೀರು ಹರಿಯುವ ಕಡೆ ಬೀಜ ಚೆಲ್ಲಿದರೆ ಕೆಲವೇ ತಿಂಗಳಲ್ಲಿ ಕಾಯಿ ಬಿಡುವಂಥದು. ಬಿಸಿಲುನಾಡಿನಲ್ಲಿಯೂ ಬರುತ್ತದೆ. ಕ್ರಮೇಣ ಬರಿಯ ‘ಮೆಣಸು’ ಎಂದರೆ ಹೊಸತೇ ಎಂಬಂತಾಯಿತು. ಆಗ ಮೂಲ ಮೆಣಸನ್ನು ಬೇರ್ಪಡಿಸಿ ಹೇಳಬೇಕಾಗಿ ಬಂದು, ಇಲ್ಲಿನ ತಾಯಂದಿರು ಅದನ್ನು ‘ಒಳ್ಳೆಯದು’ ಎಂದು ಕರೆದರು. ನನ್ನ ವಿದ್ಯಾರ್ಥಿನಿ ಬರೆದುದು ಈ ಪದವನ್ನು. ಪೋರ್ಚುಗೀಸರು ಏಕೆ ಬಂದರೆಂಬ ಪ್ರಶ್ನೆಗೆ, ಪೋರ್ಚುಗೀಸರು ಬಂದುದರಿಂದಲೇ ಹುಟ್ಟಿದ ಪದದಲ್ಲಿ ಅವಳು ಉತ್ತರ ಕೊಟ್ಟಿದ್ದಳು. ಇಡೀ ಪಾಠವೇ ಆ ಒಂದು ಪದದೊಳಗಿತ್ತು. ಪಠ್ಯದ ‘ಕರಿಮೆಣಸು’ ಬಣ್ಣವನ್ನಷ್ಟೇ ಹೇಳುತ್ತದೆ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ನಮ್ಮ ಪ್ರಾಚೀನರ ಅಡುಗೆಯನ್ನು ಹೊಗಳುವಾಗ ನಾವು ಮೆಣಸಿನಕಾಯಿಯ ಸಾರನ್ನೇ ಕಲ್ಪಿಸಿಕೊಳ್ಳುತ್ತೇವೆ. ಸುಮಾರು 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ‘ಲೋಕೋಪಕಾರ’ವನ್ನು ಬರೆದು ಅದರಲ್ಲಿ ಅಡುಗೆಯ ವಿಚಾರವನ್ನೂ ಹೇಳಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಭಕ್ಷ್ಯಭೋಜ್ಯಗಳನ್ನು ವರ್ಣಿಸಿದ್ದಾನೆ. ಆ ಊಟಗಳಲ್ಲಿ ಒಂದು ಮೆಣಸಿನಕಾಯಿಯಾಗಲಿ, ಒಂದು ಟೊಮೇಟೊ ಆಗಲಿ, ಒಂದು ಬಟಾಟೆಯಾಗಲಿ ಇರಲು ಸಾಧ್ಯವೇ ಇರಲಿಲ್ಲ. ಬಟಾಟೆಯ ಹೆಸರಂತೂ ಕೆರಿಬಿಯನ್ ದ್ವೀಪವಾಸಿಗಳದು. ಅವರಲ್ಲಿ ಸಿಹಿಗೆಣಸಿಗೆ ಇದ್ದ ‘ಬತಾತ’ ಎಂಬ ಹೆಸರು ಪೋರ್ಚುಗೀಸರ ಮೂಲಕ ಬಂದು ನಮ್ಮ ಹುಳಿಯೊಳಗೆ ಸೇರಿಕೊಂಡಿದೆ. ಘಟ್ಟದ ಮೇಲಿನವರು ಆಲೂಗಡ್ಡೆ ಎನ್ನುವುದನ್ನು ಕೇಳಿ ಬಟಾಟೆಯನ್ನು ಅಶುದ್ಧವೆಂದು ತಿದ್ದುವ ಶಿಕ್ಷಕರಿದ್ದರೆ (ನಾನೂ ತಿದ್ದಿದ್ದೇನೆ), ‘ಆಲೂ’ ಎಂಬುದೂ ಹೊರಗಿನಿಂದ ಬಂದ ಅರ್ಧಭಾಗವೇ ಎಂದು ತಿಳಿಯಬೇಕು.

ಹೊಸ ವಸ್ತು ಬಂದಾಗ ಜನರು ಅದಕ್ಕೆ ಹೆಸರಿಡುವ ರೀತಿಯನ್ನು ಲೋಕದಾದ್ಯಂತ ನೋಡುತ್ತ ಹೋದರೆ, ಪ್ರತಿಯೊಬ್ಬರೂ ತಮ್ಮ ಅಡುಗೆಮನೆಯಲ್ಲಿ ಮೊದಲೇ ಇದ್ದುದನ್ನು ನೆನೆದು ಹೆಸರಿಟ್ಟಿರುವುದು ಕಂಡುಬರುತ್ತದೆ. ಅರಬರು ನಮ್ಮ ಹುಣಸೆಹಣ್ಣನ್ನು ಕಂಡು ‘ತಮ್ರ್ ಹಿಂದಿ’, ಅಂದರೆ ಹಿಂದೂಸ್ಥಾನದ ಖರ್ಜೂರ ಎಂದರು. ಇಂಗ್ಲಿಷಿನ ‘ಟ್ಯಾಮರಿಂಡ್’ ಅದೇ. ಮರಳುನಾಡಿನವರಿಗೆ ಖರ್ಜೂರವಲ್ಲದೆ ಮತ್ತೇನು ಹೊಳೆಯಬೇಕು? ಸೇಬಿನ ನಾಡಿನ ಫ್ರೆಂಚರಿಗೆ ಬಟಾಟೆಯು ನೆಲದ ಸೇಬಾಯಿತು. ಇಟಲಿಯವರಿಗೆ ಟೊಮೇಟೊ ಹಣ್ಣು ಚಿನ್ನದ ಸೇಬಾಯಿತು. ನಾವು ತಿನ್ನುವ ಪೇರಳೆಯ ಹೆಸರು ಪೋರ್ಚುಗೀಸರ ‘ಪೆರ’ದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಪೆರ ಎಂಬುದು ಅವರ ದೇಶದ ಬೇರೊಂದು ಹಣ್ಣು. ಅದನ್ನು ನಮ್ಮಲ್ಲಿ ಹೆಚ್ಚಿನವರು ಕಂಡೇ ಇರಲಿಲ್ಲ, ಹೆಸರನ್ನು ಮಾತ್ರ ಉಪ್ಪುಖಾರ ಹಚ್ಚಿ ತಿಂದೆವು.

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಜೀಗುಜ್ಜೆ. ನಮ್ಮ ಹಿತ್ತಿಲಲ್ಲಿ ಮಳೆಗಾಲದಲ್ಲಿ ತೂಗುವ, ಪೋಡಿಗೆ ಅದಕ್ಕಿಂತ ಶ್ರೇಷ್ಠವಾದುದಿಲ್ಲವೆಂದು ನಾವೆಲ್ಲ ವಾದಿಸುವ ಈ ಕಾಯಿಯ ತವರು ಶಾಂತಸಾಗರದ ದ್ವೀಪಗಳು. ಆಂಗ್ಲರಿಗೆ ಅದನ್ನು ಬೇಯಿಸಿದಾಗ ಬ್ರೆಡ್ಡಿನ ನೆನಪಾಯಿತು, ‘ಬ್ರೆಡ್‌ಫ್ರೂಟ್’ ಎಂದರು. ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ದುಡಿಸಿಕೊಳ್ಳುತ್ತಿದ್ದ ಗುಲಾಮರಿಗೆ ಅಗ್ಗದ ಆಹಾರವಾದೀತೆಂದು ತಾಹಿತಿ ದ್ವೀಪದಿಂದ ಸಾವಿರಕ್ಕೂ ಹೆಚ್ಚು ಸಸಿಗಳನ್ನು ಹೇರಿಕೊಂಡು ಬ್ಲೈ ಎಂಬ ನಾಯಕನು ‘ಬೌಂಟಿ’ ನೌಕೆಯಲ್ಲಿ ಹೊರಟನು. 1789ರ ಏಪ್ರಿಲ್‌ನಲ್ಲಿ ನಾವಿಕರು ದಂಗೆಯೆದ್ದು ಅವನನ್ನು ದೋಣಿಯಲ್ಲಿ ಇಳಿಸಿ, ಸಸಿಗಳನ್ನು ಕಡಲಿಗೆ ಎಸೆದರು. ಆತ ಬದುಕಿ ಮರಳಿ, ಮತ್ತೊಮ್ಮೆ ಹೊರಟು, 1793ರಲ್ಲಿ ಸಸಿಗಳನ್ನು ಅಲ್ಲಿಗೆ ಮುಟ್ಟಿಸಿದನು. ಆದರೆ ಯಾರಿಗಾಗಿ ಇಷ್ಟೆಲ್ಲ ನಡೆಯಿತೋ ಅವರಿಗೆ ಮೊದಮೊದಲು ಅದು ರುಚಿಸಲೇ ಇಲ್ಲವಂತೆ. ನಮ್ಮವರು ಮಾತ್ರ ಅದರಲ್ಲಿ ಬ್ರೆಡ್ಡನ್ನು ಕಾಣಲಿಲ್ಲ, ಹಲಸನ್ನು ಕಂಡರು. ಎಳೆ ಹಲಸು ‘ಗುಜ್ಜೆ’. ದ್ವೀಪದಿಂದ ಬಂದುದು ‘ದೀವಿಗುಜ್ಜೆ’. ಆಡುತ್ತ ಆಡುತ್ತ ದೀಗುಜ್ಜೆಯಾಗಿ, ಜೀಗುಜ್ಜೆಯಾಯಿತು. ಗ್ರಂಥದ ಕನ್ನಡದಲ್ಲಿ ‘ದೀವಿಹಲಸು’. ಮಲಯಾಳದ ನೆರೆಯವರು ಅದನ್ನು ‘ಕಡಚ್ಚಕ್ಕ’ ಎನ್ನುತ್ತಾರೆ. ಕಡಲ ಹಲಸೆಂದು ಅದರ ಅರ್ಥವೆನ್ನುವರು. ನಮ್ಮ ಅಜ್ಜಿಯರು ಭೂಪಟವನ್ನು ನೋಡಿದವರಲ್ಲ. ಹಾಗಿದ್ದರೂ ಆ ಕಾಯಿ ದ್ವೀಪದ್ದೆಂಬ ಭೂಗೋಳ ಪಾಠವನ್ನು ಹೆಸರಿನೊಳಗೆ ಕಟ್ಟಿ ಮಕ್ಕಳಿಗೆ ಕೊಟ್ಟರು. ನಾನು ಏಳನೆಯ ತರಗತಿಗೆ ಶಾಂತಸಾಗರದ ದ್ವೀಪಗಳನ್ನು ಎಷ್ಟೋ ವರ್ಷ ಕಲಿಸಿದೆ. ಒಮ್ಮೆಯೂ ಜೀಗುಜ್ಜೆಯ ಹೆಸರೆತ್ತಲಿಲ್ಲ.

ವಸ್ತು ಎಲ್ಲಿಂದ ಬಂತೆಂದು ಹೇಳುವಲ್ಲಿ ಎಲ್ಲರೂ ಇಷ್ಟು ಸರಿಯಾಗಿ ಹೇಳಿಲ್ಲ. ಮೆಕ್ಸಿಕೋ ಮೂಲದ ಜೋಳವನ್ನು ಇಟಲಿಯವರು ತುರ್ಕಿಯ ಧಾನ್ಯವೆಂದರು; ತುರ್ಕರು ಅದನ್ನೇ ‘ಮಿಸಿರ್’, ಅಂದರೆ ಈಜಿಪ್ಟ್ ಎಂದರು. ಅಮೆರಿಕದ ದೊಡ್ಡ ಕೋಳಿಯೊಂದನ್ನು (ಸಸ್ಯಾಹಾರಿ ಬಂಧುಗಳು ಕ್ಷಮಿಸಬೇಕು) ಇಂಗ್ಲಿಷರು ‘ಟರ್ಕಿ’ ಎಂದರೆ, ತುರ್ಕರು ‘ಹಿಂದಿ’ ಎಂದರು, ಫ್ರೆಂಚರೂ ಭಾರತದ್ದೆಂದರು, ಪೋರ್ಚುಗೀಸರು ‘ಪೆರು’ ಎಂದರು. ಆ ಬಡಪಾಯಿ ಪಕ್ಷಿಯನ್ನು ತಮ್ಮದೆಂದು ಒಪ್ಪಿಕೊಂಡವರೇ ಇಲ್ಲ. ಹಿಂದಿಯವರಿಗೆ ಬಿಳಿ ಸಕ್ಕರೆ ‘ಚೀನಿ’, ಕಲ್ಲುಸಕ್ಕರೆ ‘ಮಿಸ್ರಿ’. ಒಂದು ಚೀನದ ಹೆಸರು, ಇನ್ನೊಂದು ಈಜಿಪ್ಟಿನದು. ಆದರೆ ಇಂಗ್ಲಿಷಿನ ‘ಶುಗರ್’ ಸಹಿತ ಪಶ್ಚಿಮದ ಹೆಸರುಗಳೆಲ್ಲ ನಮ್ಮ ದೇಶದ ‘ಶರ್ಕರಾ’ದಿಂದ ಪರ್ಷಿಯಾ, ಅರಬ್ ದೇಶಗಳ ದಾರಿಯಾಗಿ ಹೋದವು. ಗಲ್ಫಿನಲ್ಲಿ ದುಡಿಯುತ್ತಿರುವ ನಮ್ಮ ಹಳೆ ವಿದ್ಯಾರ್ಥಿಗಳು ಅಲ್ಲಿ ಕಿತ್ತಳೆಯನ್ನು ‘ಬುರ್ತುಕಾಲ್’ ಎಂದು ಕೇಳಿರಬಹುದು. ಅದು ಪೋರ್ಚುಗಲ್ ದೇಶದ ಹೆಸರು. ಆ ದೇಶದವರು ಮಾತ್ರ ಅದನ್ನು ‘ಲರಾಂಜ’ ಎನ್ನುತ್ತಾರೆ, ಅದರ ಮೂಲ ನಮ್ಮ ‘ನಾರಂಗ’!

ಕನ್ನಡದವರು ಈ ವಿಷಯದಲ್ಲಿ ಜಾಣರು. ಎಲ್ಲಿಯದೆಂದು ಗೊತ್ತಿಲ್ಲದಿದ್ದರೆ ‘ಸೀಮೆ’ ಎಂದುಬಿಟ್ಟರು. ಸೀಮೆಎಣ್ಣೆ, ಸೀಮೆಹುಣಸೆ, ಸೀಮೆಬದನೆ, ನನ್ನ ಅನ್ನಕ್ಕೆ ದಾರಿಯಾದ ಸೀಮೆಸುಣ್ಣ. ಸಮುದ್ರದಾಚೆಯ ಬಿಳಿಯರು ತಂದುದೆಂದು ಗೊತ್ತಿದ್ದರೆ ‘ಪರಂಗಿ’. ಪಪ್ಪಾಯವು ಘಟ್ಟದ ಮೇಲೆ ಪರಂಗಿಹಣ್ಣಾಯಿತು. ಗೇರುಮರವು ಮಲಯಾಳದಲ್ಲಿ ‘ಪರಂಗಿಮಾವು’ ಆಯಿತು. ಕೊಡಗಿನವರು ಇದಕ್ಕಿಂತ ಚೆಂದದ ಕೆಲಸ ಮಾಡಿದ್ದಾರೆ. ನಾಹುವಾತ್ಲ್ ಭಾಷೆಯ ‘ಅಹುವಾಕತ್ಲ್’ ಎಂಬುದು ಸ್ಪಾನಿಷರ ನಾಲಿಗೆಗೆ ಸಿಕ್ಕಿ, ಇಂಗ್ಲಿಷರ ಕೈಸೇರಿ ‘ಅವಕಾಡೊ’ ಆಯಿತು. ಅದನ್ನು ನಮ್ಮವರು ಒಮ್ಮೆ ಕೊಯ್ದು, ಬೆರಳಿನಿಂದ ಒತ್ತಿ ನೋಡಿ ‘ಬೆಣ್ಣೆಹಣ್ಣು’ ಎಂದರು. ಯಾವ ವಿದ್ವತ್ ಸಮಿತಿಯೂ ಇದಕ್ಕಿಂತ ಒಳ್ಳೆಯ ಪದವನ್ನು ರಚಿಸಲಾರದು.

ಗೇರಿನ ಕಥೆ ಮೆಣಸಿನ ಕಥೆಯ ತಮ್ಮನಂತಿದೆ. ಬ್ರೆಜಿಲ್‌ನ ತುಪಿ ಜನರ ‘ಅಕಜು’ ಪೋರ್ಚುಗೀಸರಿಗೆ ‘ಕಜು’ ಆಯಿತು; ಉತ್ತರದವರ ಕಾಜು, ಇಂಗ್ಲಿಷರ ಕ್ಯಾಶ್ಯೂ ಎರಡೂ ಅದೇ. ನಮ್ಮ ಪೂರ್ವಜರು ಇದಕ್ಕೂ ಹಳೆಯ ಹೆಸರನ್ನೇ ಕೊಟ್ಟರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಮರವೊಂದು ನಮ್ಮಲ್ಲಿ ಗೇರು ಎಂದೇ ಪ್ರಸಿದ್ಧವಾಗಿತ್ತು. ಹೊಸ ಮರದ ಬೀಜವೂ ಹಾಗೆಯೇ ಹಣ್ಣಿನ ಹೊರಗೆ ತೂಗುವುದನ್ನು ಕಂಡು ಇದೂ ಗೇರೇ ಎಂದರು. ಹಳೆಯದು ‘ಕರಿಗೇರು’ ಆಯಿತು. ಆಶ್ಚರ್ಯವೆಂದರೆ ಯುರೋಪಿನ ಪಂಡಿತರೂ ಇದನ್ನೇ ಮಾಡಿದರು. ಅವರ ಔಷಧಿಕಾರರು ‘ಅನಕಾರ್ಡಿಯಂ’ ಎನ್ನುತ್ತಿದ್ದುದು ನಮ್ಮ ಕರಿಗೇರನ್ನು. 1753ರಲ್ಲಿ ಲಿನ್ನೇಯಸ್ ಆ ಹೆಸರನ್ನು ಅಮೆರಿಕದ ಗೇರಿಗೆ ಕೊಟ್ಟು, ಪಶ್ಚಿಮದ್ದೆಂಬ ವಿಶೇಷಣವನ್ನೂ ಸೇರಿಸಿದನು. ನಮ್ಮ ಕೂಲಿಯಾಳುಗಳಿಗೂ ಆ ಮಹಾಪಂಡಿತನಿಗೂ ಹೊಳೆದುದು ಒಂದೇ. ಗೇರಿನ ಪ್ರಸ್ತಾಪ ಬಂದಾಗ ಇನ್ನೊಂದು ಪದವನ್ನು ಬರೆಯದೆ ಮುಂದೆ ಹೋಗಲು ಕೈ ಬರುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಹೆಸರು ಎಂಡೋಸಲ್ಫಾನ್. ಅಕ್ಷರ ತಿಳಿಯದ ಮುದುಕಿಯರೂ ಈ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸುತ್ತಾರೆ. ಅದಕ್ಕೆ ನಮ್ಮವರು ಕನ್ನಡದ ಹೆಸರನ್ನು ಇಡಲಿಲ್ಲ.

ಪದಗಳು ಬಂದುದನ್ನೇ ಹೇಳಿ ಹೋದುದನ್ನು ಹೇಳದಿದ್ದರೆ ಪಾಠ ಅಪೂರ್ಣ. ಈ ಕರಾವಳಿಯ ‘ಮಾಙ’ ಪೋರ್ಚುಗೀಸರಲ್ಲಿ ‘ಮಂಗ’ವಾಗಿ ಇಂಗ್ಲಿಷಿನ ಮ್ಯಾಂಗೋ ಆಯಿತು. ಮಲಯಾಳದ ‘ಚಕ್ಕ’ ‘ಜಾಕ’ವಾಗಿ ಜ್ಯಾಕ್‌ಫ್ರೂಟ್ ಆಯಿತು. ನಮ್ಮ ಅಡಿಕೆ, ಅವರ ಅಡಕ್ಕ, ‘ಅರೆಕ’ವಾಯಿತು, ವೆತ್ತಿಲೆ ‘ಬೀಟಲ್’ ಆಯಿತು, ಕೊಬ್ಬರಿಯು ‘ಕೊಪ್ರ’ ಎಂಬ ಹೆಸರಿನಲ್ಲಿ ಜಗತ್ತಿನ ಎಣ್ಣೆ ಮಾರುಕಟ್ಟೆಗಳಲ್ಲಿ ಇಂದಿಗೂ ಮಾರಾಟವಾಗುತ್ತದೆ. ದ್ರಾವಿಡರ ‘ಇಂಜಿ’ಯಂತೂ ಪಾಳಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲವನ್ನೂ ದಾಟಿ ‘ಜಿಂಜರ್’ ಆಗಿದೆ. ಇವೆಲ್ಲವುಗಳಿಗಿಂತ ನನಗೆ ಸಂತೋಷ ಕೊಟ್ಟುದು ಗಂಜಿಯ ಪ್ರಯಾಣ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಓರ್ತ ಎಂಬ ವೈದ್ಯನ ಗ್ರಂಥದಲ್ಲಿ, ಇಲ್ಲಿನವರು ರೋಗಿಗಳಿಗೆ ಕೊಡುವ ಅಕ್ಕಿಯ ತಿಳಿ ‘ಕಂಜೆ’ಯ ಪ್ರಸ್ತಾಪವಿದೆ. ಪೋರ್ಚುಗೀಸರು ಅದನ್ನು ತಮ್ಮೂರಿಗೆ ಕೊಂಡೊಯ್ದು ಕೋಳಿಮಾಂಸವನ್ನು ಸೇರಿಸಿದರು. ಇಂದಿಗೂ ಪೋರ್ಚುಗಲ್‌ನಲ್ಲಿ, ಬ್ರೆಜಿಲ್‌ನಲ್ಲಿ ಜ್ವರ ಬಂ‌ದ ಮಗುವಿಗೆ ತಾಯಿ ಮಾಡಿಕೊಡುವುದು ‘ಕಾಂಜ’. ಅವರು ನಮಗೆ ಮೆಣಸಿನಕಾಯಿ ಕೊಟ್ಟರು, ನಾವು ಅವರಿಗೆ ಗಂಜಿ ಕೊಟ್ಟೆವು. ವ್ಯಾಪಾರದಲ್ಲಿ ಸೋತವರು ಯಾರೆಂದು ನಾನು ಹೇಳಲಾರೆ.

ಚಹಾ, ಕಾಫಿಗಳ ಕಥೆಯನ್ನು ಎಲ್ಲರೂ ಬರೆದಿರುವುದರಿಂದ ಬಿಟ್ಟುಬಿಡುತ್ತೇನೆ. ಮುಂಬಯಿಯಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಗಳಿಗಾಗಿ ಮಾತ್ರ ಒಂದು ಮಾತು: ನೀವು ವಡೆಯೊಡನೆ ತಿನ್ನುವ ‘ಪಾವ್’ ಮತ್ತು ಜಪಾನಿನವರು ಬ್ರೆಡ್ಡಿಗೆ ಹೇಳುವ ‘ಪಾನ್’ ಎರಡೂ ಪೋರ್ಚುಗೀಸರ ‘ಪಾಂವ್’ ಎಂಬ ಒಂದೇ ತಾಯಿಯ ಮಕ್ಕಳು.

ಇಷ್ಟನ್ನು ಓದಿದ ಬಳಿಕ, ಹೊರಗಿನ ಪದಗಳಿಂದ ಕನ್ನಡ ಕೆಡುತ್ತದೆಂದು ನಾವು ಪಡುವ ಚಿಂತೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ನನ್ನ ಮೊಮ್ಮಕ್ಕಳು ಪಿಜ್ಜಾ ಎನ್ನಲಿ, ನೂಡಲ್ಸ್ ಎನ್ನಲಿ, ಪೇಟೆಯಲ್ಲಿ ಈಗ ಎಲ್ಲೆಲ್ಲೂ ಕಾಣುವ ಅರಬ್ಬರ ಕುಝಿಮಂದಿ ಎನ್ನಲಿ. ಆ ವಸ್ತುಗಳು ಹೆಸರಿನೊಡನೆ ಬಂದವು, ಹೆಸರಿನೊಡನೆ ಇರಲಿ. ಬೆಣ್ಣೆಹಣ್ಣನ್ನು ಕಂಡವರೂ ಅವಕಾಡೊ ಎನ್ನತೊಡಗಿದಾಗ, ಹಿತ್ತಿಲ ಬಪ್ಪಂಗಾಯಿಯನ್ನು ಕೊಯ್ದು ತರುವ ಮಗು ಅದನ್ನು ಪಪಾಯ ಎಂದು ತಿದ್ದಿ ಹೇಳಿದಾಗ ಮಾತ್ರ ನನಗೆ ಕಸಿವಿಸಿಯಾಗುತ್ತದೆ. ‘ಪಪಾಯ’ವೆಂಬ ಕೆರಿಬಿಯನ್ ಪದಕ್ಕೆ ನಮ್ಮವರು ‘ಕಾಯಿ’ಯನ್ನು ಸೇರಿಸಿ, ನಾಲಿಗೆಗೆ ಒಗ್ಗುವಂತೆ ಪಕಾರವನ್ನು ಬಕಾರ ಮಾಡಿ, ಹಲವು ತಲೆಮಾರುಗಳ ಕಾಲ ಪಳಗಿಸಿ ತಮ್ಮದಾಗಿಸಿಕೊಂಡ ಪದ ಬಪ್ಪಂಗಾಯಿ. ಅದು ಹೋದರೆ ನಿಘಂಟಿಗೆ ನಷ್ಟವಾಗದಿರಬಹುದು, ಏಕೆಂದರೆ ಅನೇಕ ನಿಘಂಟುಗಳಲ್ಲಿ ಅದು ಇಲ್ಲವೇ ಇಲ್ಲ. ಅಂಥ ಪದಗಳನ್ನು ಹೊರಹಾಕಿದವರಲ್ಲಿ ಸಿನಿಮಾ, ಮೊಬೈಲುಗಳಿಗಿಂತ ಮೊದಲು ಕೆಂಪು ಶಾಯಿಯ ಪೆನ್ನು ಹಿಡಿದ ನಾನಿದ್ದೆ.

ಮಹೋತ್ಸವದ ಆಮಂತ್ರಣ ಪತ್ರ ಹಂಚಲು ಕಳೆದ ಮಳೆಗಾಲದಲ್ಲಿ ಹೋದಾಗ ಆ ವಿದ್ಯಾರ್ಥಿನಿಯ ಮನೆಗೂ ಹೋಗಿದ್ದೆ. ಆಕೆಗೆ ಈಗ ಮೊಮ್ಮಗಳಿದ್ದಾಳೆ. ಚಾಪೆ ಹಾಸಿ ಕುಳ್ಳಿರಿಸಿ, ಬೆಲ್ಲ ನೀರು ತಂದಿಟ್ಟರು. ನಾನು 1984ರ ಆ ಪರೀಕ್ಷೆಯ ಪ್ರಸ್ತಾಪ ತೆಗೆದೆ. ಒಳ್ಳೆಮೆಣಸಿನ ಕಥೆಯನ್ನು ಇಲ್ಲಿ ಬರೆದಷ್ಟೇ ವಿಸ್ತಾರವಾಗಿ ಹೇಳಿ, ಕಳೆದ ಅರ್ಧ ಅಂಕ ನಿಮ್ಮದೇ ಎಂದೆ. ಆಕೆ ಕೇಳಿಸಿಕೊಂಡು, ‘ನೀವು ಕೇಳಿದ್ದೂ ಎಲ್ಲರೂ ನಗಾಡಿದ್ದೂ ನೆನಪುಂಟು ಮಾಸ್ಟ್ರೇ. ಎಂತದಕ್ಕೆ ಅಂತ ಮಾತ್ರ ಮರೆತುಹೋಗಿತ್ತು’ ಎಂದರು. ನನಗೆ ಏನೂ ಹೇಳಲು ತೋಚಲಿಲ್ಲ.

ಹೊರಡುವಾಗ ಅಂಗಳದಂಚಿನ ಮರದಿಂದ ಒಂದು ಚೀಲ ಕೆಂಪು ಹಣ್ಣುಗಳನ್ನು ಕೊಯ್ದು ಕೊಟ್ಟರು. ಈಗ ಕೇರಳದ ಹಿತ್ತಿಲುಗಳಲ್ಲಿ ಎಲ್ಲೆಡೆ ಕಾಣುವ, ಮೈತುಂಬ ಮೃದುವಾದ ಮುಳ್ಳಿನಂಥ ಎಳೆಗಳಿರುವ ಹಣ್ಣು. ನೀವು ಇದನ್ನು ಏನೆಂದು ಕರೆಯುತ್ತೀರೆಂದು ಕೇಳಿದೆ. ‘ಮಗ ರಂಬುಟಾನ್ ಅಂತಾನೆ. ನಾನೂ ಪುಳ್ಳಿಯೂ ಕೂದಲುಹಣ್ಣು ಅನ್ನುವುದು’ ಎಂದರು.

ಮಲಯ ಭಾಷೆಯಲ್ಲಿ ‘ರಂಬುಟ್’ ಎಂದರೆ ಕೂದಲು. ಮನೆಗೆ ಬಂದು ಟಿಪ್ಪಣಿ ಪುಸ್ತಕದಲ್ಲಿ ‘ಕೂದಲುಹಣ್ಣು’ ಎಂದು ಬರೆದು, ಮುಂದೆ ಆಕೆಯ ಹೆಸರನ್ನೂ ಆ ದಿನದ ತಾರೀಕನ್ನೂ ಬರೆದಿಟ್ಟಿದ್ದೇನೆ. ಅದರ ಕೆಳಗೆ ಇನ್ನೂ ಅರುವತ್ತು ಪುಟಗಳು ಖಾಲಿಯಿವೆ. ಮಹೋತ್ಸವದ ಮೂರು ದಿನವೂ ಆ ಪುಸ್ತಕವನ್ನು ಹಿಡಿದುಕೊಂಡು ಶಾಲೆಯ ಕಚೇರಿಯ ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತೇನೆ.